ಕಂಡಕ್ಟರನನ್ನು ಬಿಟ್ಟು ಹೊರಟ ಬಸ್ಸು

ಕೊಪ್ಪ
೩ ಫೆಬ್ರವರಿ ೨೦೨೫

ಮಾನ್ಯ ಅನ್ನಪೂರ್ಣಮ್ಮನವರಿಗೆ,

ನಮಸ್ಕಾರ. ನಾನು ನಿಶ್ಚಿತಾ. ನೀವು ಮಗಳ ಬಾಣಂತನಕ್ಕೆಂದು ಬಳ್ಳಾರಿಗೆ ಹೋದ ಮೇಲೆ ಹೊನ್ನಶ್ರೀ ಮೋಟಾರ್ಸ್‌ನ ಕೊಪ್ಪ ಆಫೀಸಿನಲ್ಲಿ ನಿಮ್ಮ ಕುರ್ಚಿಯಲ್ಲಿ ಕೂತಿರುವವಳು. ಶಿವಮೊಗ್ಗದಲ್ಲಿ ಎಂ.ಬಿ.ಎ. ಮುಗಿಸಿದ್ದೇನೆ, ಸಿಬ್ಬಂದಿ ನಿರ್ವಹಣೆಯೇ ನನ್ನ ವಿಷಯ. ಈ ಕಾಲದಲ್ಲಿ ಪತ್ರವೇ ಎಂದು ನಗಬೇಡಿ. ನಮ್ಮ ಆಫೀಸಿನ ಗೋಡೆ ಪ್ಲೈವುಡ್ಡಿನದು ಎಂದು ನಿಮಗೇ ಗೊತ್ತು. ನಾನು ಫೋನಿನಲ್ಲಿ ಹಲೋ ಅಂದರೆ ಆಚೆ ಟೀ ಅಂಗಡಿಯಿಂದ "ಯಾರಂತೆ?" ಅಂತ ಕೇಳುತ್ತಾರೆ. ಈಗ ಹೇಳುವ ವಿಷಯ ಅವರ ಕಿವಿಗೆ ಬೀಳಬಾರದು.

ನಮ್ಮ ಎನ್.ಆರ್. ಪುರ–ಶೃಂಗೇರಿ ಬಸ್ಸಿನ ಡ್ರೈವರ್ ಮಂಜಯ್ಯ ಮತ್ತು ಕಂಡಕ್ಟರ್ ವಸೀಂ ಮಾತು ಬಿಟ್ಟಿದ್ದಾರೆ. ಕಳೆದ ವಾರ ಶೆಟ್ಟಿಕೊಪ್ಪದಲ್ಲಿ ಬಸ್ಸು ನಿಂತಾಗ ವಸೀಂ ಅವರು ಬೀಬಿ ಜಾನ್ ಎಂಬ ಅಜ್ಜಿಗೆ ಮಾತ್ರೆಯ ಪೊಟ್ಟಣ ಕೊಟ್ಟು ಬರಲು ಇಳಿದು ಹೋದರಂತೆ. ಅಷ್ಟರಲ್ಲಿ ಬಸ್ಸಿನೊಳಗಿಂದ ಯಾರೋ "ರೈಟ್" ಅಂದರು. ಮಂಜಯ್ಯ ಹೊರಟೇಬಿಟ್ಟರು. ಜನ ತುಂಬಿದ್ದರಿಂದ ಮುಂದಿನವರು ಕಂಡಕ್ಟರ್ ಹಿಂದಿದ್ದಾರೆ ಅಂದುಕೊಂಡರು, ಹಿಂದಿನವರು ಮುಂದಿದ್ದಾರೆ ಅಂದುಕೊಂಡರು. ಕಂಡಕ್ಟರ್ ಇಲ್ಲದ ಬಸ್ಸು ನೆಟ್ಟಗೆ ಕೊಪ್ಪಕ್ಕೆ ಬಂತು. ಫೋನ್ ಮಾಡೋಣವೆಂದರೆ ವಸೀಂ ಅವರ ಫೋನು ಡ್ರೈವರ್ ಪಕ್ಕದಲ್ಲೇ ಚಾರ್ಜಿಗೆ ಕೂತಿತ್ತು.

ವಸೀಂ ಹಿಂದಿನಿಂದ ಬಂದ ಬೇರೆ ಕಂಪನಿಯ ಬಸ್ಸು ಹತ್ತಿದರು. ಆ ಕಂಡಕ್ಟರ್ ಟಿಕೆಟ್ ಬೇಡವೆಂದು ನಕ್ಕು ಕೂರಿಸಿಕೊಂಡನಂತೆ. ಸ್ಟ್ಯಾಂಡಿನಲ್ಲಿ ಎಲ್ಲರೆದುರು ಇಳಿದಾಗ ಮಂಜಯ್ಯ ಅಲ್ಲಿ ಇರಲೇ ಇಲ್ಲ. ಟೀ ಕುಡಿಯಲು ಹೋದವರು ಬಹಳ ಹೊತ್ತಿನ ಮೇಲೆ ಬಂದರು. ತನ್ನನ್ನು ದಾರಿಯಲ್ಲಿ ಬಿಟ್ಟು ಬಂದು ಆರಾಮವಾಗಿ ಟೀ ಕುಡಿಯಲು ಹೋದರಲ್ಲ ಎಂಬುದೇ ವಸೀಂ ಅವರ ಸಿಟ್ಟು. ಅಂದಿನಿಂದ ಒಬ್ಬರಿಗೊಬ್ಬರು ಪ್ರಯಾಣಿಕರ ಮೂಲಕ ಮಾತಾಡುತ್ತಾರೆ.

ನಿಮ್ಮ ಉತ್ತರ ಬಂದ ಮೇಲೆ ಇಬ್ಬರನ್ನೂ ಕೂರಿಸಿ ಸಭೆ ಮಾಡುತ್ತೇನೆ. ಇಬ್ಬರ ಸ್ವಭಾವದ ಬಗ್ಗೆ ನಾಲ್ಕು ಮಾತು ಬರೆಯಿರಿ. ಹಾಗೆಯೇ ಒಳಗಿನ ಬೀರುವಿನ ಕೀ ಸಿಗುತ್ತಿಲ್ಲ. ಎಲ್ಲಿಟ್ಟಿದ್ದೀರಿ?

ವಂದನೆಗಳೊಂದಿಗೆ,
ನಿಶ್ಚಿತಾ

*

ಬಳ್ಳಾರಿ
೧೦ ಫೆಬ್ರವರಿ ೨೦೨೫

ನಿಶ್ಚಿತಾ ಮೇಡಂ ಅವರಿಗೆ,

ಪತ್ರ ಬಂತು. ನನಗೂ ಪತ್ರವೇ ಅನುಕೂಲ. ಮೊಮ್ಮಗಳು ತೊಡೆಯ ಮೇಲಿದ್ದರೆ ಫೋನು ಬಡಿದುಕೊಳ್ಳಬಾರದು, ತೊಡೆಯಿಂದ ಇಳಿಸಿದರೆ ಅವಳೇ ಫೋನಿಗಿಂತ ಜೋರಾಗಿ ಬಡಿದುಕೊಳ್ಳುತ್ತಾಳೆ. ಮಗಳು ಶಿವಾನಿ ಚೆನ್ನಾಗಿದ್ದಾಳೆ.

ಕಂಡಕ್ಟರನ್ನೇ ಬಿಟ್ಟು ಹೊರಟ ಸುದ್ದಿ ಓದಿ ನಕ್ಕೂ ನಕ್ಕೂ ಬಾಣಂತಿಯ ಕೈಲಿ ಬೈಸಿಕೊಂಡೆ. ನಮ್ಮ ಲೈನಿನ ಜನಕ್ಕೆ ಒಂದು ಕೆಟ್ಟ ಚಾಳಿ, ಬಸ್ಸು ಸ್ವಲ್ಪ ಹೆಚ್ಚು ನಿಂತರೆ ತಾವೇ ರೈಟ್ ಹೇಳುತ್ತಾರೆ. ಯಾರು ಹೇಳಿದ್ದೆಂದು ಹುಡುಕಬೇಡಿ. ಇಡೀ ಬಸ್ಸೇ ಹೇಳಿರುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಮ್ಮ ಈ ಇಬ್ಬರಿಗೆ ಊಟ ಚೆನ್ನಾಗಿ ಗೊತ್ತು, ಮಾತು ಗೊತ್ತಿಲ್ಲ. ನಿಮ್ಮ ಸಭೆಯಲ್ಲಿ ಇಬ್ಬರೂ "ಎಂತ ಇಲ್ಲ" ಅಂತಾರೆ. ಘಟ್ಟದ ಮೇಲಿನ ಗಂಡಸು ಎಂತ ಇಲ್ಲ ಅಂದರೆ ಹೊಟ್ಟೆಯೊಳಗೆ ಒಂದು ಲಾರಿ ಲೋಡು ಇದೆ ಅಂತ ತಿಳಿಯಿರಿ. ಮಂಜಯ್ಯ ತಪ್ಪು ಮಾಡಿದರೆ ಬಾಯಿ ಬಿಟ್ಟು ಹೇಳುವವನಲ್ಲ, ಕೈಯಲ್ಲಿ ಏನಾದರೂ ಮಾಡುತ್ತಾನೆ. ವಸೀಂ ಬಾಯಿ ತುಂಬ ಮಾತಾಡುತ್ತಾನೆ, ನೋವಾದದ್ದನ್ನು ಬಿಟ್ಟು.

ಕೀ ನನ್ನ ಚೀಲದಲ್ಲಿ ಇದ್ದ ಹಾಗಿಲ್ಲ. ನೋಡುತ್ತೇನೆ.

ಅನ್ನಪೂರ್ಣಮ್ಮ

*

ಕೊಪ್ಪ
೧೭ ಫೆಬ್ರವರಿ ೨೦೨೫

ಅನ್ನಪೂರ್ಣಮ್ಮನವರಿಗೆ,

ಸಭೆ ಆಯಿತು. ಕುರ್ಚಿಗಳನ್ನು ದುಂಡಗೆ ಹಾಕಿದ್ದೆ. ಇಬ್ಬರೂ ಟೀ ಕುಡಿದರು, ಬೋಂಡ ತಿಂದರು, ನೀವು ಬರೆದಂತೆಯೇ "ಎಂತ ಇಲ್ಲ ಮೇಡಂ" ಅಂದರು. ಕೊನೆಗೆ ವಸೀಂ ನನ್ನ ಕಡೆ ತಿರುಗಿ, ಡ್ರೈವರ್ ಸಾಹೇಬರಿಗೆ ಇನ್ನೊಂದು ಬೋಂಡ ಬೇಕಾ ಕೇಳಿ ಅಂದರು. ಮಂಜಯ್ಯ ನನ್ನ ಕಡೆ ತಿರುಗಿ, ಬೇಡ ಅಂತ ಹೇಳಿ ಅಂದರು. ಇಬ್ಬರ ನಡುವಿನ ಅಂತರ ಒಂದು ಬೋಂಡದ ತಟ್ಟೆ.

ಜಗಳದ ಮೂಲ ಏನೆಂದು ಯೋಚಿಸಿದೆ. ಕಂಡಕ್ಟರ್ ಮಾತ್ರೆ ಕೊಡಲು ಹೋಗದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ರಸೀದಿ ಇಲ್ಲ, ವಿಳಾಸ ಇಲ್ಲ, "ಸೇತುವೆ ದಾಟಿ ಮೂರನೇ ಮನೆಗೆ ಕೊಡಿ" ಅಂದರೆ ಸಾಕು, ನಮ್ಮವರು ಹೊತ್ತುಕೊಂಡು ಹೋಗುತ್ತಾರೆ. ಹಾಗಾಗಿ ಇನ್ನು ಮುಂದೆ ಬಸ್ಸಿನಲ್ಲಿ ಪಾರ್ಸೆಲ್ ಒಯ್ಯುವಂತಿಲ್ಲ ಎಂದು ನೋಟೀಸ್ ಹಾಕಿದ್ದೇನೆ. ಒಂದು ಆಫೀಸಿನಲ್ಲಿ, ಒಂದು ಬಸ್ಸಿನಲ್ಲಿ.

ಇಷ್ಟು ಅವಸರಕ್ಕೆ ಕಾರಣವಿದೆ. ನಮ್ಮ ಓನರ್ ಸೋಮನಾಥ್ ಸಾರ್ ನಿನ್ನೆ ಬಂದಿದ್ದರು. ಮಾತಾಡದ ಡ್ರೈವರ್ ಕಂಡಕ್ಟರ್ ಒಂದೇ ಬಸ್ಸಿನಲ್ಲಿದ್ದರೆ ಇವತ್ತು ನಗೆಪಾಟಲು, ನಾಳೆ ಅಪಘಾತ ಅಂದರು. ಯುಗಾದಿಯೊಳಗೆ ಸರಿ ಹೋಗದಿದ್ದರೆ ಒಬ್ಬರನ್ನು ಕೆಲಸದಿಂದ ತೆಗೆಯುತ್ತಾರಂತೆ. ಯಾರನ್ನು ಎಂದು ನಾನೇ ಹೇಳಬೇಕಂತೆ. ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ, ಒಬ್ಬರ ಅನ್ನ ಕಿತ್ತುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಕೀ ಸಿಕ್ಕಿತೆ?

ನಿಶ್ಚಿತಾ

*

ಬಳ್ಳಾರಿ
೨೪ ಫೆಬ್ರವರಿ ೨೦೨೫

ನಿಶ್ಚಿತಾ,

ಮೇಡಂ ಎಂದು ಬರೆಯುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡೆಯಲ್ಲ ತಾಯಿ!

ನಮ್ಮ ಲೈನಿನಲ್ಲಿ ಪಾರ್ಸೆಲ್ ಅಂದರೆ ಏನೆಂದು ಯಾರನ್ನಾದರೂ ಕೇಳಿದೆಯಾ? ಕಮ್ಮರಡಿಯ ತವರಿನಿಂದ ಎನ್.ಆರ್. ಪುರದ ಮಗಳಿಗೆ ಹೋಗುವ ಸೊಪ್ಪು, ಹೊಲಿಗೆಗೆ ಕೊಟ್ಟ ರವಿಕೆ, ಅಜ್ಜಿಯರ ಮಾತ್ರೆ, ಮಗುವಿನ ಮರೆತುಹೋದ ಕನ್ನಡಕ. ಅದಕ್ಕೊಂದು ಕಟ್ಟಳೆ ಇದೆ. ಬೇಡ ಅನ್ನುವಂತಿಲ್ಲ. ಕೈಯಿಂದ ಕೈಗೇ ಕೊಡಬೇಕು. ಜೊತೆಗೆ ಕಳಿಸಿದವರು ಹೇಳಿದ ಬಾಯಿಮಾತನ್ನು ಅವರು ಹೇಳಿದ ಹಾಗೆಯೇ ಒಪ್ಪಿಸಬೇಕು. ಉತ್ತರ ಕೊಟ್ಟರೆ ಅದನ್ನೂ ತರಬೇಕು. "ಸಾರಿಗೆ ಉಪ್ಪು ಕಮ್ಮಿ ಹಾಕು" ಅಂತ ಅತ್ತೆ ಹೇಳಿ ಕಳಿಸಿದ್ದನ್ನು ವಸೀಂ ಸೊಸೆಯ ಎದುರು ನಿಂತು ಒಪ್ಪಿಸಿ ಬೈಸಿಕೊಂಡು ಬಂದಿದ್ದಾನೆ. ಆ ಬಸ್ಸು ಜನರನ್ನಷ್ಟೇ ಒಯ್ಯುತ್ತದೆ ಅಂದುಕೊಂಡೆಯಾ?

ಓದಿದವಳು ನೀನು. ನಿನಗೆ ತೋಚಿದ ಹಾಗೆ ಮಾಡು.

ಅನ್ನಪೂರ್ಣಮ್ಮ

*

ಕೊಪ್ಪ
೮ ಮಾರ್ಚ್ ೨೦೨೫

ಅನ್ನಪೂರ್ಣಮ್ಮನವರಿಗೆ,

ನನಗೆ ತೋಚಿದ ಹಾಗೆಯೇ ಮಾಡುತ್ತಿದ್ದೇನೆ. ನೋಟೀಸ್ ಇದೆ, ಇರುತ್ತದೆ. ನೀವು ವಾಪಸ್ ಬಂದ ಮೇಲೆ ಬೇಕಾದರೆ ತೆಗೆಯಿರಿ. ಬೀರುವಿನ ಕೀ ಕೊಡದೆ ಇಟ್ಟುಕೊಂಡಿದ್ದೀರೆಂದ ಮೇಲೆ ಈ ಕುರ್ಚಿ ಯಾರದೆಂದು ನನಗೂ ಅರ್ಥವಾಗುತ್ತದೆ.

ಇಬ್ಬರನ್ನೂ ಒಂದು ವಾರ ಬೇರೆ ಬೇರೆ ಬಸ್ಸಿಗೆ ಹಾಕಿ ನೋಡಿದೆ. ಮಂಜಯ್ಯನ ಜೊತೆ ಹೋದ ಕಂಡಕ್ಟರ್ ಸುಂದರೇಶ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಾನಂತೆ. ವಸೀಂ ಹೋದ ಬಸ್ಸಿನ ಡ್ರೈವರ್ "ಈ ಮನುಷ್ಯ ದಾರಿಯಲ್ಲಿ ಕಂಡವರಿಗೆಲ್ಲ ಬಸ್ ನಿಲ್ಸು ಅಂತಾನೆ" ಅಂದ. ಮತ್ತೆ ಒಟ್ಟಿಗೇ ಹಾಕಬೇಕಾಯಿತು.

ಈಗ ಹೊಸ ದೂರು. ಮಂಜಯ್ಯ ಸಂಜೆ ಟ್ರಿಪ್ಪಿನಲ್ಲಿ ದಿನಾ ಊರಿಲ್ಲದ ಕಡೆ, ಒಂದು ನಲ್ಲಿಯ ಹತ್ತಿರ ಬಸ್ಸು ನಿಲ್ಲಿಸಿ, ಟೈರ್ ನೋಡುತ್ತೇನೆಂದು ಇಳಿಯುತ್ತಾರಂತೆ. ಟೈರಿಗೆ ಒಂದು ಒದೆ ಕೊಟ್ಟು ಸುಮ್ಮನೆ ನಿಂತಿರುತ್ತಾರಂತೆ. ತಡವಾಯಿತೆಂದು ಇಬ್ಬರು ಪ್ರಯಾಣಿಕರು ನನ್ನ ಹತ್ತಿರ ಬಂದು ಹೇಳಿದರು. ಕೇಳಿದರೆ ಮಂಜಯ್ಯ "ಟೈರು" ಅಂತಷ್ಟೇ ಅನ್ನುತ್ತಾರೆ. ಟೈರು ಹೊಸದು, ನಾನೇ ನೋಡಿದ್ದೇನೆ. ವಸೀಂಗೆ ಲೇಟಾಗಲಿ ಎಂದೇ ಹಟಕ್ಕೆ ಮಾಡುತ್ತಿದ್ದಾರೆಂದು ಕಾಣುತ್ತದೆ. ಒಂದು ಹೆಸರು ಹೇಳಲೇಬೇಕಾದರೆ ಮಂಜಯ್ಯನ ಹೆಸರು ಹೇಳುತ್ತೇನೆ. ಮುಂದಿನ ವಾರ ಸೋಮನಾಥ್ ಸಾರ್‌ಗೆ ತಿಳಿಸುತ್ತೇನೆ.

ನಿಶ್ಚಿತಾ

*

ಬಳ್ಳಾರಿ
೧೧ ಮಾರ್ಚ್ ೨೦೨೫
(ಸ್ಪೀಡ್ ಪೋಸ್ಟ್)

ಹುಡುಗೀ,

ತಡೆ. ಯಾರ ಹೆಸರನ್ನೂ ಹೇಳಬೇಡ.

ಇದು ಯಾವ ತಿಂಗಳು? ರಂಜಾನ್. ಆ ಬಸ್ಸಿನಲ್ಲಿ ಬೆಳಗಿನಿಂದ ಹನಿ ನೀರು ಕುಡಿಯದೆ ಟಿಕೆಟ್ ಹರಿಯುತ್ತಿರುವವನು ಯಾರು? ಹೊತ್ತು ಮುಳುಗುವಾಗ ಬಸ್ಸು ಎಲ್ಲಿರುತ್ತದೆ? ನಲ್ಲಿ ಎಲ್ಲಿದೆ?

ಈ ಪತ್ರ ಕೈಸೇರಿದ ಸಂಜೆಯೇ ಆ ಬಸ್ಸು ಹತ್ತು. ಟೈರು ನೋಡಬೇಡ, ಮನುಷ್ಯರನ್ನು ನೋಡು.

ಅನ್ನಪೂರ್ಣಮ್ಮ

*

ಕೊಪ್ಪ
೧೫ ಮಾರ್ಚ್ ೨೦೨೫

ಅನ್ನಪೂರ್ಣಮ್ಮ,

ಬಸ್ಸು ಹತ್ತಿದೆ. ನನಗೆ ನಾಚಿಕೆಯಾಯಿತು.

ಬಿಸಿಲು ಹೋಗುವ ಹೊತ್ತಿಗೆ ಮಂಜಯ್ಯ ಆ ನಲ್ಲಿಯ ಪಕ್ಕದಲ್ಲಿ ನಿಲ್ಲಿಸಿದರು. ಯಾರ ಮುಖವನ್ನೂ ನೋಡದೆ ಇಳಿದು ಹೋಗಿ ಟೈರಿಗೆ ಒದ್ದರು. ವಸೀಂ ಹಿಂದಿನ ಬಾಗಿಲಿನಿಂದ ಇಳಿದು ಮುಖ ತೊಳೆದು, ಜೇಬಿನಿಂದ ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅವರು ಕುಡಿದು ಮುಗಿಸುವವರೆಗೆ ಮಂಜಯ್ಯ ಬೆನ್ನು ಹಾಕಿಯೇ ನಿಂತಿದ್ದರು. ಹೊರಡುವಾಗ ವಸೀಂ ನನಗೆ ಹೇಳಿದರು, "ನಂಗೆ ಗೊತ್ತಿಲ್ಲ ಅಂದ್ಕಂಡಿದಾರೆ ಮೇಡಂ. ನಾನೂ ಗೊತ್ತಿಲ್ದಂಗೇ ಇದೀನಿ." ಹಾಗಾದರೆ ಮಾತಾಡಬಹುದಲ್ಲ ಅಂದೆ. "ಆವತ್ತಿಂದು ಬೇರೆ" ಅಂದರು. ದೂರು ಹೇಳಿದ್ದ ಇಬ್ಬರಿಗೆ ನಾನೇ ಹೋಗಿ ಕಾರಣ ತಿಳಿಸಿದೆ. ಮೊದಲೇ ಹೇಳಬಾರದಿತ್ತಾ ಎಂದು ನನಗೇ ಬೈದರು.

ಇನ್ನೂ ಇದೆ. ನಿನ್ನೆ ಶೆಟ್ಟಿಕೊಪ್ಪದ ಬೀಬಿ ಜಾನ್ ಅಜ್ಜಿ ಕೋಲೂರಿಕೊಂಡು ಆಫೀಸಿಗೆ ಬಂದರು. ನನ್ನ ನೋಟೀಸಿನಿಂದಾಗಿ ಮಾತ್ರೆಗೆ ಅವರೇ ಕೊಪ್ಪಕ್ಕೆ ಬರಬೇಕಾಗಿದೆ. ಬೈದರೆ ಬೈಸಿಕೊಳ್ಳೋಣವೆಂದು ಎದ್ದು ನಿಂತೆ. ಅಜ್ಜಿ ಬೈಯಲಿಲ್ಲ. ಕೂತು ಸುಧಾರಿಸಿಕೊಂಡು, "ಆ ಡ್ರೈವರ್ ಪಾಪ, ಅವತ್ತು ವಸೀಮನ್ನ ಹುಡುಕ್ಕಂಡು ಸ್ಕೂಟರಲ್ಲಿ ವಾಪಸ್ ಬಂದಿದ್ದ. ಮುಖ ಇಷ್ಟೇ ಆಗಿತ್ತು. ಹುಡುಗ ಆಗ್ಲೇ ಬೇರೆ ಬಸ್ ಹತ್ತಿ ಹೋಗಿದ್ದ. ಸಿಕ್ಕಿದ್ನಂತಾ?" ಎಂದು ಕೇಳಿದರು.

ಮಂಜಯ್ಯ ಟೀ ಕುಡಿಯಲು ಹೋಗಿರಲೇ ಇಲ್ಲ! ಕಂಡಕ್ಟರ್ ಇಲ್ಲವೆಂದು ಗೊತ್ತಾದ ಕೂಡಲೇ ಯಾರದೋ ಸ್ಕೂಟರ್ ತೆಗೆದುಕೊಂಡು ಹಿಂದಕ್ಕೆ ಓಡಿದ್ದಾರೆ. ಇಬ್ಬರೂ ದಾರಿಯಲ್ಲಿ ಎದುರು ಬದುರು ದಾಟಿ ಹೋಗಿದ್ದಾರೆ. ಇದನ್ನು ಆ ಮಹಾರಾಯರು ಒಂದೂವರೆ ತಿಂಗಳಿನಿಂದ ಬಾಯಿ ಬಿಟ್ಟಿಲ್ಲ. ಮುಂದಿನ ಶನಿವಾರ ಎಲ್ಲ ಸಿಬ್ಬಂದಿಯನ್ನೂ ಸೇರಿಸಿ ನಾನೇ ಇದನ್ನು ಹೇಳಿಬಿಡುತ್ತೇನೆ. ಎಲ್ಲ ಸರಿಹೋಗುತ್ತದೆ.

ಹಿಂದಿನ ಪತ್ರದಲ್ಲಿ ಕೀಯ ವಿಷಯ ಒರಟಾಗಿ ಬರೆದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ನಿಮ್ಮ
ನಿಶ್ಚಿತಾ

*

ಬಳ್ಳಾರಿ
೧೯ ಮಾರ್ಚ್ ೨೦೨೫

ನಿಶ್ಚಿತಾ,

ಶನಿವಾರದ ಸಭೆ ರದ್ದು ಮಾಡು. ನೀನು ಹೇಳಿದರೆ ಹೊಗಳಿಕೆ ನಿನಗೆ, ಮುಜುಗರ ಮಂಜಯ್ಯನಿಗೆ. ಎಲ್ಲರೆದುರು "ಇವರು ಎಷ್ಟು ಒಳ್ಳೆಯವರು ನೋಡಿ" ಅಂದರೆ ಅವನು ಮಾರನೇ ದಿನ ರಜೆ ಹಾಕುತ್ತಾನೆ. ವಸೀಂ ಇಷ್ಟು ದಿನ ಸಿಟ್ಟು ಮಾಡಿದ್ದಕ್ಕೆ ತಾನೇ ಕುಗ್ಗಿಹೋಗುತ್ತಾನೆ. ಅವನ ಬಾಯಿಂದ ಪ್ರಶ್ನೆ ಬರಬೇಕು, ಇವನ ಬಾಯಿಂದ ಉತ್ತರ ಬರಬೇಕು. ನಾವಿಬ್ಬರೂ ದೂರ ನಿಂತು ಬೋಂಡ ತಿನ್ನಬೇಕು.

ಯುಗಾದಿಯ ಹಿಂದಿನ ದಿನ ನಿನಗೆ ಶಿವಮೊಗ್ಗದ ಬಸ್ಸಿನಲ್ಲಿ ಒಂದು ಡಬ್ಬಿ ಬರುತ್ತದೆ. ಅಂಟಿನುಂಡೆ. ಬಾಣಂತಿಗೆಂದು ಮಾಡಿದ್ದು, ಇಲ್ಲಿಯ ಬೀಗರು ಇಡೀ ಬಳ್ಳಾರಿಗೇ ಸಾಲುವಷ್ಟು ಮಾಡಿದ್ದಾರೆ. ಡಬ್ಬಿ ಮಂಜಯ್ಯನಿಗೆ. ಆದರೆ ವಸೀಂನ ಕೈಯಿಂದಲೇ ಹೋಗಬೇಕು, ಬಾಯಿಮಾತಿನ ಸಮೇತ. ಮಾತು ಇಷ್ಟು: "ಆವತ್ತು ಶೆಟ್ಟಿಕೊಪ್ಪಕ್ಕೆ ಯಾರ ಸ್ಕೂಟರಲ್ಲಿ ವಾಪಸ್ ಹೋಗಿದ್ದೆ ಅಂತ ಅನ್ನಪೂರ್ಣಮ್ಮ ಕೇಳಿದಾರೆ." ಇದಕ್ಕೆ ಒಂದಕ್ಷರ ಸೇರಿಸಬೇಡ.

ಮಾತು ಬಿಟ್ಟವನೂ ಪಾರ್ಸೆಲ್ ಬಿಡುವುದಿಲ್ಲ. ಆದರೆ ನಿನ್ನ ಗೋಡೆಯ ಮೇಲೆ ಒಂದು ಕಾಗದ ಇದೆಯಲ್ಲ, ಅದರ ಗತಿ ಏನೆಂದು ನೀನೇ ನೋಡಿಕೋ.

ಅನ್ನಪೂರ್ಣಮ್ಮ

*

ಕೊಪ್ಪ
೩೧ ಮಾರ್ಚ್ ೨೦೨೫

ಅಮ್ಮಾ,

ನಿನ್ನೆ ಯುಗಾದಿ, ಇವತ್ತು ಈದ್. ಬೆಳಿಗ್ಗೆಯಿಂದ ನನ್ನ ಮೇಜಿನ ಮೇಲೆ ಮಂಜಯ್ಯನ ಮನೆಯ ಹೋಳಿಗೆ ಒಂದು ಕಡೆ, ವಸೀಂನ ಮನೆಯ ಶೀರ್‌ ಕುರ್ಮಾ ಒಂದು ಕಡೆ. ಹೊಟ್ಟೆ ಹಿಡಿದುಕೊಂಡು ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳುತ್ತೇನೆ.

ಶನಿವಾರ ಮಧ್ಯಾಹ್ನ ಡಬ್ಬಿ ಬಂತು. ಅದೇ ಹೊತ್ತಿಗೆ ಸೋಮನಾಥ್ ಸಾರ್ ಕೂಡ ಬಂದು, ಹೆಸರು ಕೇಳಲು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು. ಒಂದು ನಿಮಿಷ ಸಾರ್ ಅಂದು, ವಸೀಂ ಅವರನ್ನು ಕರೆದು ಡಬ್ಬಿ ಕೊಟ್ಟೆ. ಅವರು ಕೈ ಚಾಚಲಿಲ್ಲ. ಗೋಡೆಯ ನೋಟೀಸ್ ತೋರಿಸಿದರು. "ಪಾರ್ಸೆಲ್ ತಗಳಂಗಿಲ್ವಲ್ಲ ಮೇಡಂ." ತಪ್ಪು ಅವರದಲ್ಲ. ನಾನು ಕುರ್ಚಿ ಹತ್ತಿ ನೋಟೀಸನ್ನು ಕಿತ್ತೆ. ಗೋಂದು ಗಟ್ಟಿಯಾಗಿ ಹಾಕಿದ್ದೆ, ಪ್ಲೈವುಡ್ಡಿನ ಸಿಪ್ಪೆ ಸಮೇತ ಬಂತು. ಟೀ ಅಂಗಡಿಯಲ್ಲಿ ಯಾರೋ ಚಪ್ಪಾಳೆ ಹೊಡೆದರು.

ನೀವು ಬರೆದ ಬಾಯಿಮಾತನ್ನು ಹೇಳಿಕೊಟ್ಟೆ. ಅರ್ಥದ ಗೊಡವೆಗೆ ಹೋಗದೆ ಅದನ್ನು ಉರು ಹಾಕುತ್ತ ವಸೀಂ ಡಬ್ಬಿ ಹಿಡಿದು ಆಫೀಸಿನ ಬಾಗಿಲೆದುರೇ ನಿಂತಿದ್ದ ಬಸ್ಸಿನ ಹತ್ತಿರ ಹೋದರು. ಮಂಜಯ್ಯ ಸ್ಟೇರಿಂಗ್ ಹಿಡಿದು ಎದುರಿಗೆ ನೋಡುತ್ತಿದ್ದರು. ವಸೀಂ ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಶುರು ಮಾಡಿದರು. "ಬಳ್ಳಾರಿಂದ ಅನ್ನಪೂರ್ಣಮ್ಮ ಕಳಿಸಿದ್ದು. ಬಾಯಿಮಾತು ಇದೆ. ಆವತ್ತು ಶೆಟ್ಟಿಕೊಪ್ಪಕ್ಕೆ ಯಾರ ಸ್ಕೂಟರಲ್ಲಿ ವಾಪಸ್..." ಅಲ್ಲಿಗೆ ತಾನು ಒಪ್ಪಿಸುತ್ತಿರುವುದು ಏನೆಂದು ಅವರಿಗೆ ಹೊಳೆಯಿತು. ಬಸ್ಸಿನ ಜನವೆಲ್ಲ ಕಿಟಕಿಯಿಂದ ತಲೆ ಹಾಕಿದ್ದರು. ಸಣ್ಣ ದನಿಯಲ್ಲಿ, "ವಾಪಸ್ ಹೋಗಿದ್ದೆ ಅಂತ ಕೇಳಿದಾರೆ" ಎಂದು ಮುಗಿಸಿದರು.

ಮಂಜಯ್ಯ ಕನ್ನಡಿ ಸರಿಮಾಡಿಕೊಂಡರು. ಸರಿಯಾಗಿಯೇ ಇದ್ದ ಕನ್ನಡಿ. ಆಮೇಲೆ ಹೇಳಿದರು.

"ಇಸ್ತ್ರಿ ಅಂಗಡಿಯವಂದು ಮಾರಾಯ. ಬ್ರೇಕೇ ಇರ್ಲಿಲ್ಲ."

"ಮತ್ತೆ ಹೇಳದು ಬ್ಯಾಡ್ವಾ?"

"ನೀ ಎಲ್ಲಿ ಕೇಳ್ದೆ?"

ಇಷ್ಟೇ ಅಮ್ಮಾ. ಎರಡು ತಿಂಗಳು, ಒಂದು ಸಭೆ, ಎರಡು ನೋಟೀಸು, ನನ್ನ ಎಂ.ಬಿ.ಎ., ಎಲ್ಲಕ್ಕೂ ಬೇಕಾಗಿದ್ದದ್ದು ಇಷ್ಟೇ. ವಸೀಂ ತೋಳಿನಲ್ಲಿ ಕಣ್ಣು ಒರೆಸಿಕೊಂಡು, ಬ್ರೇಕಿಲ್ಲದ ಗಾಡಿ ಓಡಿಸುವ ಡ್ರೈವರ್ ಜೊತೆ ತಾನು ಕೆಲಸ ಮಾಡುವುದಿಲ್ಲ ಎಂದು ಕೂಗಿದರು. ಸೋಮನಾಥ್ ಸಾರ್ ಗಾಬರಿಯಾಗಿ, "ನೋಡಿ, ಒಟ್ಟಿಗೆ ಮಾಡಲ್ಲ ಅಂತಾನೆ" ಎಂದು ಎದ್ದರು. ಅಷ್ಟರಲ್ಲಿ ಮಂಜಯ್ಯ ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಡಬ್ಬಿ ತೆಗೆದು ಒಂದು ಉಂಡೆಯನ್ನು ಕಾಗದದಲ್ಲಿ ಸುತ್ತಿ, "ಸಂಜೆಗೆ" ಎಂದು ವಸೀಂನ ಜೇಬಿಗೆ ತುರುಕಿದರು. ವಸೀಂ ಹಿಂದಿನ ಬಾಗಿಲಿಗೆ ಹೋಗಿ, ಬಸ್ ಸ್ಟ್ಯಾಂಡೇ ತಿರುಗಿ ನೋಡುವ ಹಾಗೆ "ರೈಟ್" ಅಂದರು. ಮಂಜಯ್ಯ ಹೊರಡಲಿಲ್ಲ. ತಿರುಗಿ ಒಮ್ಮೆ ನೋಡಿ, ಇದ್ದಾನೆಂದು ಖಾತ್ರಿ ಮಾಡಿಕೊಂಡು ಹೊರಟರು.

ಸೋಮನಾಥ್ ಸಾರ್ ಕೇಳಿದರು, ಹಾಗಾದರೆ ಕೊನೆಗೆ ಯಾರನ್ನು ತೆಗೆದಿರಿ? ಕೈಯಲ್ಲಿದ್ದ ನೋಟೀಸ್ ತೋರಿಸಿ ಇದನ್ನು ಸಾರ್ ಅಂದೆ.

ಡಬ್ಬಿಯ ಜೊತೆಗಿದ್ದ ಪುಟ್ಟ ಪೊಟ್ಟಣದ ಮೇಲೆ ನನ್ನ ಹೆಸರಿತ್ತು. ಅದರಲ್ಲಿ ಬೀರುವಿನ ಕೀ ಇತ್ತು. ಶಿವಾನಿ ಅವರು ನಿಮ್ಮನ್ನು ಬಳ್ಳಾರಿಯಲ್ಲೇ ಇರಿಸಿಕೊಳ್ಳುತ್ತಾರಂತೆ, ಡಬ್ಬಿ ತಂದವರು ಹೇಳಿದರು. ನೀವು ನನಗೆ ಒಂದು ಪತ್ರದಲ್ಲೂ ಬರೆಯಲಿಲ್ಲ. ಬೀರು ತೆಗೆದೆ. ಇಷ್ಟು ದಿನ ಬೀಗ ಹಾಕಿ ಕಾದಿದ್ದು ಒಂದು ಮುರುಕು ಕೊಡೆ ಮತ್ತು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ!

ಕೊಡೆ ನಾನು ಇಟ್ಟುಕೊಂಡೆ. ಭರಣಿಯನ್ನು ನಾಳೆ ನಮ್ಮ ಬಸ್ಸಿನಲ್ಲೇ ಹೊರಡಿಸುತ್ತೇನೆ. ವಸೀಂ ಎನ್.ಆರ್. ಪುರದಲ್ಲಿ ಶಿವಮೊಗ್ಗದ ಕಂಡಕ್ಟರಿಗೆ ಕೊಡುತ್ತಾರೆ, ಅವರು ಬಳ್ಳಾರಿಯವರಿಗೆ. ಜೊತೆಗೆ ಒಂದು ಬಾಯಿಮಾತು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಮ್ಮ
ನಿಶ್ಚಿತಾ

*

ಬಳ್ಳಾರಿ
೪ ಏಪ್ರಿಲ್ ೨೦೨೫

ಕೂಸೇ,

ಭರಣಿ ಬಂತು. ಒಂದು ಹನಿ ಚೆಲ್ಲಿಲ್ಲ.

ಬೆಳಿಗ್ಗೆ ಒಬ್ಬ ಕಂಡಕ್ಟರ್ ಬಾಗಿಲಲ್ಲಿ ನಿಂತು, ನನ್ನ ಹೆಸರು ಕೇಳಿ ಖಾತ್ರಿ ಮಾಡಿಕೊಂಡು, ಕೈಗೇ ಕೊಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು ಒಪ್ಪಿಸಿದ: "ನಿಮ್ ಕುರ್ಚಿ ನಾ ಬಿಟ್ಟುಕೊಡಲ್ಲ. ಆದ್ರೆ ಪಕ್ಕದಲ್ಲಿ ಇನ್ನೊಂದು ಹಾಕಿದೀನಿ. ಮೊಮ್ಮಗಳನ್ನ ಎತ್ಕಂಡು ಬನ್ನಿ ಅಂತ ಕೊಪ್ಪದ ಮೇಡಂ ಹೇಳಿದಾರ್ರೀ." ಮೂರು ಬಾಯಿ ದಾಟಿ ಬಂದ ಮಾತು ಕೊನೆಯಲ್ಲಿ ಸ್ವಲ್ಪ ಬಳ್ಳಾರಿಯದಾಗಿತ್ತು. ನಾನು ಭರಣಿ ಹಿಡಿದುಕೊಂಡು ಅತ್ತುಬಿಟ್ಟೆ. ಪಾಪ ಅವನು, ಉಪ್ಪಿನಕಾಯಿ ಕೆಟ್ಟಿದೆಯಾ ಅಮ್ಮಾ ಅಂತ ಕೇಳಿದ.

ನನ್ನ ಉತ್ತರ ಅವನ ಕೈಯಲ್ಲೇ ಕಳಿಸಿದ್ದೇನೆ. ನಾಳೆ ಸಂಜೆ ವಸೀಂ ನಿನ್ನ ಮೇಜಿನ ಮುಂದೆ ನಿಂತು ಹೇಳುತ್ತಾನೆ. ಪ್ಲೈವುಡ್ಡಿನ ಆಚೆಯವರಿಗೂ ಕೇಳುವ ಹಾಗೆ ಜೋರಾಗಿ ಹೇಳು ಅಂತ ಹೇಳಿ ಕಳಿಸಿದ್ದೇನೆ.

ನಿನ್ನ
ಅನ್ನಪೂರ್ಣಮ್ಮ